ಒಬ್ಬರಿಂದ ಸರಾಸರಿ ಎರಡೂವರೆ ಮಂದಿಗೆ ಸೋಂಕು ಎಂದರೆ ಎಲ್ಲರೂ ಹರಡುತ್ತಾರೆ ಎಂದು ಅರ್ಥವೇ?

ಪ್ರಶ್ನೆ: ಹಾಸನದ ಓದುಗ

2020ರ ಬೇಸಿಗೆಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ಪ್ರತಿದಿನ ಹೊರಡಿಸುತ್ತಿದ್ದ ಕೋವಿಡ್ ಪ್ರಕಟಣೆಯನ್ನು ತಪ್ಪದೆ ಓದುತ್ತಿದ್ದವರಲ್ಲಿ ನಾನೂ ಒಬ್ಬ. ಪ್ರತಿ ಸೋಂಕಿತರಿಗೂ ಒಂದು 'ಪಿ' ಸಂಖ್ಯೆ ಇರುತ್ತಿತ್ತು. ಸೋಂಕು ಎಲ್ಲಿಂದ ಬಂತೆಂದು ತಿಳಿದಿದ್ದರೆ, ಇಂತಹ 'ಪಿ' ಸಂಖ್ಯೆಯವರ ಸಂಪರ್ಕ ಎಂಬ ಟಿಪ್ಪಣಿ ಪಕ್ಕದಲ್ಲಿರುತ್ತಿತ್ತು. ಆ ಪಟ್ಟಿಗಳನ್ನು ಓದುತ್ತಾ ಹೋದಂತೆ ಒಂದು ಸಂಗತಿ ನನಗೆ ವಿಚಿತ್ರವಾಗಿ ತೋರಿತು. ಕೆಲವೇ ಸಂಖ್ಯೆಗಳು ಟಿಪ್ಪಣಿಯಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಉಳಿದ ಬಹುಪಾಲು ಸಂಖ್ಯೆಗಳು ಒಂದು ದಿನ ಕಾಣಿಸಿಕೊಂಡು, ಆಮೇಲೆ ಯಾರ ಸೋಂಕಿನ ಮೂಲವಾಗಿಯೂ ಕಾಣಿಸುತ್ತಿರಲಿಲ್ಲ.

ಮರುವರ್ಷ ನನಗೇ ಸೋಂಕು ತಗುಲಿತು. ಒಂದೇ ಬಚ್ಚಲುಮನೆ, ಒಂದೇ ಅಡುಗೆಮನೆ ಇರುವ ಚಿಕ್ಕ ಮನೆ ನಮ್ಮದು. ಆದರೂ ತಾಯಿಗಾಗಲಿ, ಹೆಂಡತಿಗಾಗಲಿ, ಮಗನಿಗಾಗಲಿ ಏನೂ ಆಗಲಿಲ್ಲ. ಅದೇ ತಿಂಗಳು ನೆಂಟರೊಬ್ಬರ ಮನೆಯಲ್ಲಿ ನಡೆದ ನಾಮಕರಣಕ್ಕೆ ಹೋಗಿಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಾಸಿಗೆ ಹಿಡಿದರು. ಒಬ್ಬ ಸೋಂಕಿತನಿಂದ ಸರಾಸರಿ ಎರಡೂವರೆ ಮಂದಿಗೆ ರೋಗ ಹರಡುತ್ತದೆ ಎಂದು ಆಗ ಎಲ್ಲ ಪತ್ರಿಕೆಗಳೂ ಬರೆಯುತ್ತಿದ್ದವು. ಈ ಎರಡು ಮನೆಗಳಲ್ಲಿ ಯಾವುದಕ್ಕೂ ಆ ಸರಾಸರಿ ಹೊಂದುವುದಿಲ್ಲವಲ್ಲ?

ತಿಳಿದವರು ಎರಡು ವಿಷಯಗಳನ್ನು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ. ಮೊದಲನೆಯದು, 'ಸೂಪರ್ ಸ್ಪ್ರೆಡರ್' ಎಂದು ಕರೆಸಿಕೊಳ್ಳುವವರ ದೇಹದಲ್ಲೇ ಏನಾದರೂ ವಿಶೇಷವಿರುತ್ತದೆಯೇ, ಇಲ್ಲವೇ ಅವರು ಇದ್ದ ಸ್ಥಳ ಮತ್ತು ಸಮಯ ಹಾಗೆ ಕೂಡಿಬಂದಿರುತ್ತವೆಯೇ? ಎರಡನೆಯದು, ಕೆಲವರೇ ಹೆಚ್ಚು ಹರಡುತ್ತಾರೆ ಎಂಬುದು ನಿಜವಾದರೆ, ಅದರಿಂದ ಒಟ್ಟು ರೋಗದ ನಡೆ ಬದಲಾಗುತ್ತದೆಯೇ?

ಉತ್ತರ 1: ಸಂಖ್ಯಾಶಾಸ್ತ್ರದ ಉಪನ್ಯಾಸಕಿ

ನಿಮ್ಮ ಎರಡನೆಯ ಪ್ರಶ್ನೆ ನನ್ನ ವಿಷಯಕ್ಕೆ ಸೇರಿದ್ದಾದ್ದರಿಂದ ಅದನ್ನು ಮೊದಲು ಎತ್ತಿಕೊಳ್ಳುತ್ತೇನೆ. ಸರಾಸರಿ ಸುಳ್ಳು ಹೇಳುವುದಿಲ್ಲ, ಆದರೆ ಅರ್ಧ ಮಾತ್ರ ಹೇಳುತ್ತದೆ. ಹತ್ತು ಮಂದಿ ಸೋಂಕಿತರು ತಲಾ ಮೂವರಿಗೆ ರೋಗ ದಾಟಿಸಿದರೂ ಸರಾಸರಿ ಮೂರೇ. ಒಂಬತ್ತು ಮಂದಿ ಯಾರಿಗೂ ದಾಟಿಸದೆ, ಹತ್ತನೆಯವರೊಬ್ಬರೇ ಮೂವತ್ತು ಮಂದಿಗೆ ದಾಟಿಸಿದರೂ ಸರಾಸರಿ ಮೂರೇ. ಈ ಎರಡು ಊರುಗಳಲ್ಲಿ ರೋಗದ ನಡೆ ಒಂದೇ ಬಗೆಯದಾಗಿರಲು ಸಾಧ್ಯವಿಲ್ಲ. ಆದ್ದರಿಂದ ಸಾಂಕ್ರಾಮಿಕ ಶಾಸ್ತ್ರಜ್ಞರು 'ಆರ್' ಎಂಬ ಸರಾಸರಿಯ ಜೊತೆಗೆ 'ಕೆ' ಎಂಬ ಇನ್ನೊಂದು ಸಂಖ್ಯೆಯನ್ನೂ ಇಟ್ಟುಕೊಳ್ಳುತ್ತಾರೆ. ಅದು ಹಂಚಿಕೆಯ ಏರುಪೇರನ್ನು ಅಳೆಯುವ ಸಂಖ್ಯೆ; 'ಕೆ' ಸೊನ್ನೆಗೆ ಹತ್ತಿರವಾದಷ್ಟೂ ಹರಡುವ ಕೆಲಸ ಕೆಲವೇ ಮಂದಿಯ ಪಾಲಿಗೆ ಬೀಳುತ್ತದೆ.

ಒಂದು ಲೆಕ್ಕ ಮಾಡಿ ನೋಡಬಹುದು. ಸರಾಸರಿ ಮೂರು ಎಂದೇ ಇಟ್ಟುಕೊಳ್ಳೋಣ. ಎಲ್ಲ ಸೋಂಕಿತರೂ ಹರಡುವ ಶಕ್ತಿಯಲ್ಲಿ ಸಮಾನರಾಗಿದ್ದು, ಹೆಚ್ಚುಕಡಿಮೆಯೆಲ್ಲ ಬರಿಯ ಆಕಸ್ಮಿಕವಾಗಿದ್ದರೆ, ಯಾರಿಗೂ ರೋಗ ದಾಟಿಸದವರು ಶೇ. 5ರಷ್ಟು ಮಾತ್ರ ಇರುತ್ತಾರೆ. 'ಕೆ' 1 ಆದರೆ ಅಂಥವರು ಶೇ. 25 ಆಗುತ್ತಾರೆ, 'ಕೆ' 0.1ಕ್ಕೆ ಇಳಿದರೆ ಶೇ. 71! ನಿಮ್ಮ ಮನೆಯವರು ಪಾರಾದದ್ದು ಪವಾಡವಲ್ಲ, ಅದೇ ಸಾಮಾನ್ಯ ಸಂಗತಿ. ಅಪರೂಪದ್ದು ಆ ನಾಮಕರಣ.

ಇದು ಬರಿಯ ಕಾಗದದ ಲೆಕ್ಕವಲ್ಲ. 2003ರಲ್ಲಿ ಸಾರ್ಸ್ (ಇನ್ನೊಂದು ಕೊರೊನಾ ವೈರಸ್ಸಿನಿಂದ ಬಂದ ಉಸಿರಾಟದ ರೋಗ) ಹರಡಿದ ಸಮಯದಲ್ಲಿ ಸಿಂಗಪುರದ ಆರೋಗ್ಯಾಧಿಕಾರಿಗಳು ಸಂಪರ್ಕಿತರ ಸರಪಳಿಯನ್ನು ಎಳೆಎಳೆಯಾಗಿ ಬಿಡಿಸಿ ದಾಖಲಿಸಿದ್ದರು. ಮೊದಲ 201 ರೋಗಿಗಳಲ್ಲಿ 103 ಮಂದಿಗೆ ರೋಗ ಬಂದದ್ದು ಕೇವಲ ಐದು ಜನರಿಂದ. 162 ಮಂದಿಯಿಂದ ಯಾರಿಗೂ ರೋಗ ತಗುಲಿದ ಕುರುಹು ಸಿಗಲಿಲ್ಲ. ನಮ್ಮ ನೆರೆಯ ತಮಿಳುನಾಡು ಮತ್ತು ಆಂಧ್ರಪ್ರದೇಶಗಳಲ್ಲಿ 2020ರಲ್ಲಿ ಸುಮಾರು 85 ಸಾವಿರ ಕೋವಿಡ್ ರೋಗಿಗಳ ಐದೂಮುಕ್ಕಾಲು ಲಕ್ಷ ಸಂಪರ್ಕಿತರ ದಾಖಲೆಗಳನ್ನು ಪರಿಶೀಲಿಸಿದಾಗಲೂ, ಶೇ. 71ರಷ್ಟು ರೋಗಿಗಳ ಸಂಪರ್ಕಿತರಲ್ಲಿ ಒಬ್ಬರಿಗೂ ಸೋಂಕು ಕಂಡುಬಂದಿರಲಿಲ್ಲ. ಮೇಲಿನ ಲೆಕ್ಕದ 71ಕ್ಕೂ ಈ 71ಕ್ಕೂ ನೇರ ಸಂಬಂಧವಿಲ್ಲ, ಕಾಕತಾಳೀಯವಷ್ಟೇ. ಎಲ್ಲ ಸಂಪರ್ಕಿತರ ಪರೀಕ್ಷೆ ಎಲ್ಲಿಯೂ ಪೂರ್ತಿಯಾಗಿ ನಡೆಯುವುದಿಲ್ಲ ಎಂಬುದನ್ನೂ ಮರೆಯಬಾರದು. ಆದರೆ ಚಿತ್ರದ ಆಕಾರ ಒಂದೇ.

ಇನ್ನು ರೋಗದ ಒಟ್ಟು ನಡೆಯ ಮಾತು. 2005ರಲ್ಲಿ ಜೇಮ್ಸ್ ಲಾಯ್ಡ್-ಸ್ಮಿತ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಇದಕ್ಕೆ ಬುನಾದಿ ಹಾಕಿತು. ಅವರು ಸಾರ್ಸ್‌ಗೆ ಅಂದಾಜಿಸಿದ 'ಕೆ' ಬೆಲೆ 0.16. ಒಬ್ಬ ಸೋಂಕಿತ ಹೊಸ ಊರಿಗೆ ಬಂದಿಳಿದನೆಂದುಕೊಳ್ಳಿ. ಸರಾಸರಿ ಇಲ್ಲಿಯೂ ಮೂರೇ ಇರಲಿ. ಎಲ್ಲರೂ ಸಮಾನವಾಗಿ ಹರಡುವ ರೋಗವಾದರೆ ಆ ಸರಪಳಿ ತಾನಾಗಿ ಕಡಿದುಹೋಗುವ ಸಾಧ್ಯತೆ ಶೇ. 6. 'ಕೆ' 0.16 ಆದರೆ ಅದೇ ಸಾಧ್ಯತೆ ಶೇ. 76. ಎಂದರೆ ನಾಲ್ಕರಲ್ಲಿ ಮೂರು ಬಾರಿ ಏನೂ ಆಗುವುದಿಲ್ಲ, ಯಾರ ಗಮನಕ್ಕೂ ಬರುವುದಿಲ್ಲ. ನಾಲ್ಕನೆಯ ಬಾರಿ ಕಿಚ್ಚು ಹತ್ತಿಕೊಂಡರೆ ಅದು ಸಮಾನವಾಗಿ ಹರಡುವ ರೋಗಕ್ಕಿಂತಲೂ ಜೋರಾಗಿ ಉರಿಯುತ್ತದೆ. ಒಂದೇ ವೈರಸ್ ಒಂದು ಊರನ್ನು ಮುಟ್ಟದೆ ಪಕ್ಕದ ಊರನ್ನು ನೆಲಕ್ಕೆ ಕೆಡವುವುದಕ್ಕೆ ಊರಿನವರ ಶಿಸ್ತನ್ನೋ ಪುಣ್ಯವನ್ನೋ ಕಾರಣವಾಗಿ ಹೇಳುವ ಮೊದಲು ಈ ಲೆಕ್ಕವನ್ನು ನೆನೆಯುವುದು ಒಳ್ಳೆಯದು.

ಉತ್ತರ 2: ಶ್ವಾಸಕೋಶ ತಜ್ಞ, ಮಂಗಳೂರು

ಮೇಲಿನ ಉತ್ತರಕ್ಕೆ ನನ್ನ ಒಪ್ಪಿಗೆಯಿದೆ. ಆದರೆ 'ಕೆ' ಎಂಬುದು ಏರುಪೇರು ಎಷ್ಟು ಎಂದು ಹೇಳುತ್ತದೆಯೇ ಹೊರತು ಏಕೆ ಎಂದು ಹೇಳುವುದಿಲ್ಲ. ಆ 'ಏಕೆ'ಗೆ ದೇಹ, ದಿನ, ಕೋಣೆ ಎಂಬ ಮೂರು ಕಡೆಗಳಿಂದ ಉತ್ತರ ಬರುತ್ತದೆ.

ದೇಹದ ವಿಷಯದಲ್ಲಿ ನನಗೆ ಗೊತ್ತಿರುವ ಅತ್ಯಂತ ಸ್ವಚ್ಛವಾದ ಪುರಾವೆ ಬ್ರಿಟನ್ನಿನದು. ಅಲ್ಲಿ ಆರೋಗ್ಯವಂತರಾದ 36 ಯುವ ಸ್ವಯಂಸೇವಕರ ಮೂಗಿಗೆ ಒಂದೇ ಪ್ರಮಾಣದ ಕೊರೊನಾ ವೈರಸ್ಸನ್ನು ಹಾಕಿ, ಆಸ್ಪತ್ರೆಯ ಪ್ರತ್ಯೇಕ ಕೋಣೆಗಳಲ್ಲಿರಿಸಿ ಗಮನಿಸಲಾಯಿತು. ಅವರಲ್ಲಿ 18 ಮಂದಿಗೆ ಸೋಂಕು ನೆಲೆಸಿತು. ಈ 18 ಮಂದಿ ಗಾಳಿಗೆ ಬಿಟ್ಟ ಒಟ್ಟು ವೈರಸ್ಸಿನಲ್ಲಿ ಶೇ. 86ರಷ್ಟು ಬಂದದ್ದು ಇಬ್ಬರಿಂದ ಮಾತ್ರ ಎಂದು 2023ರಲ್ಲಿ ವರದಿಯಾಯಿತು. ವೈರಸ್ ಒಂದೇ, ಪ್ರಮಾಣ ಒಂದೇ, ವಯಸ್ಸೂ ಹೆಚ್ಚುಕಡಿಮೆ ಒಂದೇ. ಆದರೂ ಇಷ್ಟು ಅಂತರ. ಗಂಟಲಿನಲ್ಲಿದ್ದ ವೈರಸ್ ಪ್ರಮಾಣಕ್ಕಿಂತ ಮೂಗಿನಲ್ಲಿದ್ದ ಪ್ರಮಾಣವೇ ಈ ಹೊರಸೂಸುವಿಕೆಯೊಂದಿಗೆ ಹೆಚ್ಚು ತಾಳೆಯಾಯಿತು. ಸೋಂಕಿಲ್ಲದವರಲ್ಲೂ ಇಂಥ ವ್ಯತ್ಯಾಸವಿದೆ. ಮಾತಿನ ದನಿ ಏರಿದಂತೆ ಬಾಯಿಂದ ಹೊರಡುವ ಸೂಕ್ಷ್ಮ ಕಣಗಳು ಹೆಚ್ಚುತ್ತವೆ, ಮತ್ತು ಅಷ್ಟೇ ದನಿಯಲ್ಲಿ ಮಾತನಾಡಿದರೂ ಕೆಲವರು ಇತರರಿಗಿಂತ ಹಲವು ಪಟ್ಟು ಹೆಚ್ಚು ಕಣಗಳನ್ನು ಹೊರಹಾಕುತ್ತಾರೆ ಎಂದು 2019ರಲ್ಲೇ, ಕೋವಿಡ್ ಬರುವ ಮುನ್ನವೇ, ಅಳೆದು ತೋರಿಸಲಾಗಿತ್ತು.

ದಿನದ ಮಾತೆಂದರೆ, ವೈರಸ್ ಪ್ರಮಾಣ ಯಾವಾಗ ತುದಿ ಮುಟ್ಟುತ್ತದೆ ಎಂಬುದು. ಕೋವಿಡ್‌ನಲ್ಲಿ ಅದು ಲಕ್ಷಣಗಳು ಶುರುವಾಗುವ ಆಸುಪಾಸಿನಲ್ಲಿ, ರೋಗಿ ಇನ್ನೂ ಓಡಾಡಿಕೊಂಡಿರುವಾಗಲೇ ಬರುತ್ತದೆ. ಆದ್ದರಿಂದ ಅದು ಮದುವೆಮನೆಗಳಲ್ಲಿ, ಕಚೇರಿಗಳಲ್ಲಿ ಹರಡಿತು. ಸಾರ್ಸ್‌ನಲ್ಲಿ ಸುಮಾರು ಹತ್ತನೆಯ ದಿನ, ರೋಗಿ ಆಸ್ಪತ್ರೆ ಸೇರಿದ ಮೇಲೆ. ಆದ್ದರಿಂದ ಅದು ವಾರ್ಡುಗಳಲ್ಲಿ ಹರಡಿತು. ಹಾಂಗ್ ಕಾಂಗ್‌ನ ಒಂದು ಬೋಧನಾ ಆಸ್ಪತ್ರೆಯಲ್ಲಿ ಒಬ್ಬ ರೋಗಿಯಿಂದ ಹೊರಟ ಸರಪಳಿ 138 ಮಂದಿಯನ್ನು ಮುಟ್ಟಿತು. ರೋಗ ಏನೆಂದು ತಿಳಿಯದೆ ಆತನಿಗೆ ನೆಬ್ಯುಲೈಸರ್ (ಔಷಧವನ್ನು ಮಂಜಿನಂತೆ ಮಾಡಿ ಉಸಿರಿನೊಂದಿಗೆ ಒಳಗೆ ಕಳಿಸುವ ಉಪಕರಣ) ಹಾಕಲಾಗಿತ್ತು. ಅದೇ ವೈರಸ್ಸನ್ನು ವಾರ್ಡಿನ ತುಂಬ ಹರಡಲು ನೆರವಾಗಿರಬೇಕೆಂದು ವೈದ್ಯರು ನಂತರ ಭಾವಿಸಿದರು. ನಾವು ದಿನವೂ ಕೈಯಲ್ಲಿ ಹಿಡಿಯುವ ಉಪಕರಣ ಅದು ಎಂಬುದರಿಂದ ಈ ಪ್ರಸಂಗ ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಕೋಣೆಯ ಮಹತ್ವವನ್ನು ತೋರಿಸಲು ಎರಡು ಕೆನಡಾ ನಗರಗಳ ಕಥೆಗಿಂತ ಒಳ್ಳೆಯ ನಿದರ್ಶನ ನನಗೆ ಕಂಡಿಲ್ಲ. 2003ರ ಫೆಬ್ರವರಿ 21ರಂದು ಚೀನಾದ ಗುವಾಂಗ್‌ಡಾಂಗ್ ಪ್ರಾಂತದಿಂದ ಬಂದ ವೈದ್ಯರೊಬ್ಬರು ಹಾಂಗ್ ಕಾಂಗ್‌ನ ಮೆಟ್ರೋಪೋಲ್ ಹೋಟೆಲಿನ ಒಂಬತ್ತನೆಯ ಮಹಡಿಯಲ್ಲಿ ತಂಗಿದರು. ಅಲ್ಲಿ ಅವರಿಂದ ಸೋಂಕು ಪಡೆದ ಅತಿಥಿಗಳು ಅದನ್ನು ಹನೋಯ್, ಸಿಂಗಪುರ, ಟೊರಾಂಟೊ, ವ್ಯಾಂಕೂವರ್‌ಗಳಿಗೆ ಹೊತ್ತೊಯ್ದರು. ಟೊರಾಂಟೊಗೆ ಮರಳಿದ ಮಹಿಳೆ ಮನೆಯಲ್ಲೇ ತೀರಿಕೊಂಡರು. ಅವರಿಂದ ಸೋಂಕು ತಗುಲಿದ ಮಗ ಮಾರ್ಚ್ 7ರಂದು ಆಸ್ಪತ್ರೆಗೆ ಬಂದಾಗ ತುರ್ತು ಚಿಕಿತ್ಸಾ ಘಟಕದಲ್ಲಿ ಇತರ ರೋಗಿಗಳ ನಡುವೆಯೇ ಹಲವು ಗಂಟೆ ಇರಬೇಕಾಯಿತು. ಅದೇ ಮಾರ್ಚ್ 7ರಂದೇ, ಅದೇ ಹೋಟೆಲಿನಲ್ಲಿ ತಂಗಿ ಬಂದಿದ್ದ ಇನ್ನೊಬ್ಬರು ವ್ಯಾಂಕೂವರ್‌ನ ಆಸ್ಪತ್ರೆಗೆ ಬಂದರು. ಅವರನ್ನು ಬಂದ ಕೂಡಲೇ ಪ್ರತ್ಯೇಕ ಕೋಣೆಗೆ ಸೇರಿಸಲಾಯಿತು. ಅವರಿಂದ ಸರಪಳಿ ಮುಂದುವರಿಯಲಿಲ್ಲ. ಕೆನಡಾದಲ್ಲಿ ಸಾರ್ಸ್‌ನಿಂದ ಸತ್ತ 44 ಮಂದಿಯೂ ಟೊರಾಂಟೊ ಸುತ್ತಿನ ಹರಡುವಿಕೆಗೆ ಸೇರಿದವರು.

ಈ ಇಬ್ಬರಲ್ಲಿ 'ಸೂಪರ್ ಸ್ಪ್ರೆಡರ್' ಯಾರು? ವ್ಯಾಂಕೂವರ್‌ನ ರೋಗಿಯ ಉಸಿರಿನಲ್ಲಿ ಟೊರಾಂಟೊದವನಷ್ಟೇ ವೈರಸ್ ಇದ್ದಿರಬಹುದು, ಇನ್ನೂ ಹೆಚ್ಚೇ ಇದ್ದಿರಬಹುದು. ಅವರಿಗೆ ಆ ಬಿರುದು ಬರಲು ಅವಕಾಶವೇ ಸಿಗಲಿಲ್ಲ. 2015ರಲ್ಲಿ ದಕ್ಷಿಣ ಕೊರಿಯದಲ್ಲಿ ಮರ್ಸ್ ಎಂಬ ಮತ್ತೊಂದು ಕೊರೊನಾ ವೈರಸ್ ರೋಗ ಬಂದಾಗಲೂ ಹೀಗೆಯೇ ಆಯಿತು. ಸೋಲ್‌ನ ದೊಡ್ಡ ಆಸ್ಪತ್ರೆಯೊಂದರ ಕಿಕ್ಕಿರಿದ ತುರ್ತು ಘಟಕದಲ್ಲಿ ಮೇ 27ರಿಂದ 29ರವರೆಗೆ ಇದ್ದ ಒಬ್ಬ ರೋಗಿಯಿಂದ 82 ಮಂದಿಗೆ ಸೋಂಕು ತಗುಲಿತು; ಅವರಲ್ಲಿ 41 ಮಂದಿ ರೋಗಿಗಳನ್ನು ನೋಡಲು ಬಂದವರು. ಇಡೀ ದೇಶದಲ್ಲಿ ಆ ವರ್ಷ ಕಂಡ ಪ್ರಕರಣಗಳೇ 186. ರೋಗಿಯ ಜೊತೆ ನಾಲ್ಕು ಮಂದಿ ನೆಂಟರು ನಿಲ್ಲುವ ರೂಢಿ ನಮ್ಮಲ್ಲೂ ಇರುವುದರಿಂದ ಈ 41ನ್ನು ನಾನು ವಿದ್ಯಾರ್ಥಿಗಳಿಗೆ ಬಿಡದೆ ಹೇಳುತ್ತೇನೆ.

ಉತ್ತರ 3: ನಿವೃತ್ತ ಆರೋಗ್ಯ ಮೇಲ್ವಿಚಾರಕ

ನಾನು ವಿಜ್ಞಾನಿಯಲ್ಲ, ಸಂಪರ್ಕಿತರ ಪಟ್ಟಿ ಹಿಡಿದು ಬೀದಿ ಬೀದಿ ಅಲೆದವನು. ಆ ಅನುಭವದಿಂದ 'ಸೂಪರ್ ಸ್ಪ್ರೆಡರ್' ಎಂಬ ಪದದ ಬಗ್ಗೆ ನನಗೆ ತಕರಾರಿದೆ. ಅದು ಪತ್ರಿಕೆಯಲ್ಲಿ ಅಚ್ಚಾದ ಮರುದಿನ ನಾವು ಭೇಟಿ ಕೊಟ್ಟ ಮನೆಗಳಲ್ಲಿ ಬಾಗಿಲು ತೆರೆಯುತ್ತಿರಲಿಲ್ಲ. ಯಾರ ಮನೆಗೆ ಹೋಗಿದ್ದಿರಿ, ಯಾರೊಡನೆ ಊಟ ಮಾಡಿದಿರಿ ಎಂದು ಕೇಳಿದರೆ, ತಾನು ಹೆಸರಿಸಿದವರೂ ನಾಳೆ ಊರಿನ ಬಾಯಿಗೆ ಬೀಳುತ್ತಾರೆ ಎಂಬ ಅಂಜಿಕೆಯಿಂದ ಎಷ್ಟೋ ಮಂದಿ ಅರ್ಧ ಸತ್ಯ ಹೇಳುತ್ತಿದ್ದರು. ಯಾರು ಹೆಚ್ಚು ಹರಡಿದರೋ ಅವರೇ ಹೆಚ್ಚು ಮಾತನಾಡಬೇಕಾದವರು; ಆ ಪದ ಮೊದಲು ಅವರ ಬಾಯನ್ನೇ ಮುಚ್ಚಿಸುತ್ತಿತ್ತು.

2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರು ಮತ್ತು ಅವರ ಸಂಪರ್ಕಿತರಲ್ಲಿ ಸೋಂಕು ಕಾಣಿಸಿಕೊಂಡು, ಆ ಒಂದು ಗುಂಪಿನಲ್ಲೇ 70ಕ್ಕೂ ಹೆಚ್ಚು ಪ್ರಕರಣಗಳಾದವು. ಮೊದಲು ಪತ್ತೆಯಾದವರನ್ನೇ ಎಲ್ಲದಕ್ಕೂ ಮೂಲವೆಂದು ಜನ ತೀರ್ಮಾನಿಸಿಬಿಟ್ಟರು. ಆದರೆ ಮೊದಲು ಪತ್ತೆಯಾದವರೇ ಮೊದಲು ಸೋಂಕಿತರಾದವರು ಎಂಬ ನಿಯಮವೇನೂ ಇಲ್ಲ; ಮೊದಲು ಆಸ್ಪತ್ರೆಗೆ ಹೋದವರು ಅವರು, ಅಷ್ಟೇ. ಪ್ರಶ್ನೆ ಕೇಳಿದವರು ಗಮನಿಸಿದ ಮರುಕಳಿಸುವ 'ಪಿ' ಸಂಖ್ಯೆಗಳ ಬಗ್ಗೆಯೂ ಈ ಎಚ್ಚರ ಬೇಕು.

ಈ ಅಸಮತೆಯಿಂದ ನಮ್ಮ ಕೆಲಸದಲ್ಲಿ ಬದಲಾಗಬೇಕಾದದ್ದು ದಿಕ್ಕು. ನಾವು ಸಾಮಾನ್ಯವಾಗಿ ಮುಂದಕ್ಕೆ ಹುಡುಕುತ್ತಿದ್ದೆವು: ಈ ರೋಗಿಯಿಂದ ಮುಂದೆ ಯಾರಿಗೆ ಹೋಗಿರಬಹುದು ಎಂದು. ಜಪಾನಿನವರು ಆರಂಭದಿಂದಲೇ ಹಿಂದಕ್ಕೂ ಹುಡುಕಿದರು: ಈ ರೋಗಿಗೆ ಎಲ್ಲಿ ಬಂತು, ಅಲ್ಲಿ ಇನ್ನೂ ಯಾರಿದ್ದರು ಎಂದು. ಬಹುಪಾಲು ರೋಗಿಗಳು ಯಾರಿಗೂ ದಾಟಿಸುವುದಿಲ್ಲವಾದ್ದರಿಂದ ಮುಂದಕ್ಕೆ ಹುಡುಕುವ ಶ್ರಮದಲ್ಲಿ ಹೆಚ್ಚಿನದು ಖಾಲಿ ಕೈಯಲ್ಲಿ ಮುಗಿಯುತ್ತದೆ. ಹಿಂದಕ್ಕೆ ಹೋದರೆ ಹೆಚ್ಚು ಮಂದಿಗೆ ದಾಟಿಸಿದ ಜಾಗವೇ ಎದುರಾಗುವ ಸಂಭವ ಹೆಚ್ಚು. ಮುಚ್ಚಿದ ಜಾಗ, ಜನದಟ್ಟಣೆ, ಹತ್ತಿರದ ಮಾತುಕತೆ ಎಂಬ ಮೂರನ್ನು ತಪ್ಪಿಸಿ ಎಂದು ಅವರು ಜನರಿಗೆ ಹೇಳಿದ್ದೂ ಈ ತಿಳಿವಳಿಕೆಯಿಂದಲೇ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2020ರ ಮಾರ್ಚ್ 10ರಂದು ನಡೆದ ಎರಡೂವರೆ ಗಂಟೆಗಳ ಗಾಯನ ಅಭ್ಯಾಸದಲ್ಲಿ ಈ ಮೂರೂ ಒಟ್ಟುಗೂಡಿದ್ದವು: ಸೇರಿದ್ದ 61 ಮಂದಿಯಲ್ಲಿ 53 ಮಂದಿಗೆ ಸೋಂಕು ದೃಢಪಟ್ಟಿತು ಅಥವಾ ಶಂಕಿಸಲಾಯಿತು, ಇಬ್ಬರು ತೀರಿಕೊಂಡರು.

ಕೇರಳದ ಗಡಿಗೆ ತಾಗಿದ ಜಿಲ್ಲೆಗಳಲ್ಲಿ ಕೆಲಸ ಮಾಡಿದವರಿಗೆ ನಿಪಾ ವೈರಸ್ಸಿನ ಚಿಂತೆ ಹೊಸದಲ್ಲ. ಅದರ ಸರಾಸರಿ ಒಂದಕ್ಕಿಂತ ಕಡಿಮೆ. ಬಾಂಗ್ಲಾದೇಶದಲ್ಲಿ 2001ರಿಂದ 2014ರವರೆಗಿನ 248 ರೋಗಿಗಳ ಅಧ್ಯಯನದಲ್ಲಿ ಅದು 0.33 ಎಂದು ಕಂಡುಬಂತು. ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ, ಏಕೆಂದರೆ 2004ರಲ್ಲಿ ಅಲ್ಲಿನ ಫರೀದ್‌ಪುರದಲ್ಲಿ ಒಬ್ಬರಿಂದಲೇ 22 ಮಂದಿಗೆ ಹರಡಿತ್ತು. ವಯಸ್ಸಾದ, ಉಸಿರಾಟದ ತೊಂದರೆಯಿರುವ ರೋಗಿಗಳಿಂದ ಹೆಚ್ಚು ಹರಡುತ್ತದೆ ಎಂದು ಅಧ್ಯಯನ ತೋರಿಸಿತು. 2018ರಲ್ಲಿ ಕೋಯಿಕ್ಕೋಡಿನಲ್ಲಿಯೂ ಮೊದಲ ರೋಗಿಯ ನಂತರದ ಹೆಚ್ಚಿನ ಸೋಂಕುಗಳು ಆಸ್ಪತ್ರೆಗಳ ಒಳಗೇ ತಗುಲಿದವು. ನಮ್ಮ ಶಿವಮೊಗ್ಗ ಕಡೆಯ ಮಂಗನ ಕಾಯಿಲೆಯಲ್ಲಿ ಮನುಷ್ಯರಿಂದ ಮನುಷ್ಯರಿಗೆ ಹರಡುವ ಮಾತೇ ಇಲ್ಲ. ಅಲ್ಲಿ ಆ ಪಾತ್ರ ಸತ್ತ ಮಂಗನದು: ಅದರ ಮೈಯಿಂದ ಉದುರಿದ ಉಣ್ಣೆಗಳಿಂದ ಆ ಒಂದು ಜಾಗವೇ ಅಪಾಯದ ಕೇಂದ್ರವಾಗುತ್ತದೆ. ವಿಷಯ ಸ್ವಲ್ಪ ಬೇರೆಯಾದರೂ, ಮಂಗ ಸತ್ತ ಜಾಗವನ್ನು ಹುಡುಕಿಕೊಂಡು ಹೋಗುವ ಮಲೆನಾಡಿನ ನಮ್ಮ ಸಿಬ್ಬಂದಿಗೆ ಹಿಂದಕ್ಕೆ ಹುಡುಕುವುದು ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ ಕೇಳಿದವರ ಮರುಮಾತು: ಹಾಸನದ ಓದುಗ

ಮೂವರಿಗೂ ಕೃತಜ್ಞತೆಗಳು. ಒಂದು ಅನುಮಾನ ಉಳಿದಿದೆ. ಹದಿನೆಂಟರಲ್ಲಿ ಇಬ್ಬರು ಶೇ. 86ರಷ್ಟು ವೈರಸ್ ಬಿಡುತ್ತಾರೆ ಎಂದಾದರೆ, ಆ ಇಬ್ಬರನ್ನು ಮೊದಲೇ ಗುರುತಿಸಿ ಪ್ರತ್ಯೇಕವಾಗಿ ಇರಿಸಿದರೆ ಸಾಕಲ್ಲವೇ? ಹಿಂದಕ್ಕೆ ಹುಡುಕುವುದರ ಲಾಭ ಎಷ್ಟೆಂದು ಲೆಕ್ಕದಲ್ಲಿ ತೋರಿಸಲು ಬರುತ್ತದೆಯೇ?

ಉತ್ತರ 2ರ ಮುಂದುವರಿಕೆ: ಶ್ವಾಸಕೋಶ ತಜ್ಞ, ಮಂಗಳೂರು

ಆ ಪದದ ಬಗ್ಗೆ ಮೇಲ್ವಿಚಾರಕರು ಎತ್ತಿದ ತಕರಾರನ್ನು ಒಪ್ಪುತ್ತೇನೆ, ಆದರೆ ಅದಕ್ಕಾಗಿ ದೇಹದ ವ್ಯತ್ಯಾಸವನ್ನೇ ಅಲ್ಲಗಳೆಯಬಾರದು, ಅದು ಇದೆ. ತೊಂದರೆಯೇನೆಂದರೆ, ಅದು ಮುಖದ ಮೇಲೆ ಬರೆದಿರುವುದಿಲ್ಲ. ಹೆಚ್ಚು ಕೆಮ್ಮುವವರೇ ಹೆಚ್ಚು ಹರಡುತ್ತಾರೆ ಎನ್ನುವಂತಿಲ್ಲ. 1972ರಲ್ಲಿ ಯುಗೊಸ್ಲಾವಿಯಕ್ಕೆ ಸಿಡುಬನ್ನು ತಂದ ಯಾತ್ರಿಕನ ರೋಗ ಎಷ್ಟು ಸೌಮ್ಯವಾಗಿತ್ತೆಂದರೆ ಯಾರಿಗೂ ಅನುಮಾನವೇ ಬರಲಿಲ್ಲ. ಅವನ ನಂತರದ ಒಬ್ಬನೇ ರೋಗಿಯಿಂದ, ರೋಗ ಗುರುತಿಸಲಾಗದೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗಿಸಿದ್ದರಿಂದ, 38 ಮಂದಿಗೆ ಹರಡಿತು. ವೈರಸ್ ಹೊರಸೂಸುವಿಕೆ ದಿನದಿಂದ ದಿನಕ್ಕೆ ಬದಲಾಗುವುದರಿಂದ ಇಂದು ಅಳೆದದ್ದು ನಾಳೆಗೆ ಅನ್ವಯಿಸುವುದಿಲ್ಲ. ಜನರನ್ನು ಮೊದಲೇ ಆರಿಸಲು ಬರುವುದಿಲ್ಲ. ಕೋಣೆಗಳನ್ನು ಆರಿಸಲು ಬರುತ್ತದೆ. ಆ ನಾಮಕರಣ ಅಂಗಳದ ಚಪ್ಪರದಡಿ ನಡೆದಿದ್ದರೆ ಅದೇ ಸೋಂಕಿತರು ಯಾರ ಗಮನಕ್ಕೂ ಬರದೆ ಮನೆಗೆ ಹೋಗುತ್ತಿದ್ದರೇನೋ.

ಉತ್ತರ 1ರ ಮುಂದುವರಿಕೆ: ಸಂಖ್ಯಾಶಾಸ್ತ್ರದ ಉಪನ್ಯಾಸಕಿ

ಲೆಕ್ಕ ಚಿಕ್ಕದೇ. ಸರಾಸರಿ 1.2 ಮತ್ತು 'ಕೆ' 0.2 ಎಂದುಕೊಳ್ಳಿ. ಪತ್ತೆಯಾದ ಒಬ್ಬ ರೋಗಿಯಿಂದ ಮುಂದಕ್ಕೆ ಹುಡುಕಿದರೆ ಸಿಗಬಹುದಾದ ಸೋಂಕಿತರು ಸರಾಸರಿ 1.2. ಆ ರೋಗಿಗೆ ಸೋಂಕು ಕೊಟ್ಟವರನ್ನು ಹಿಂದಕ್ಕೆ ಹೋಗಿ ಹುಡುಕಿದರೆ, ಅವರಿಂದಲೇ ಸೋಂಕು ಪಡೆದ ಇತರರು ಸರಾಸರಿ 7.2. ಹೆಚ್ಚು ಮಂದಿಗೆ ಹರಡಿದವರ ಹಿಂದೆ ಹೆಚ್ಚು ರೋಗಿಗಳಿರುತ್ತಾರೆ. ಆದ್ದರಿಂದ ಯಾವ ರೋಗಿಯ ಜಾಡು ಹಿಡಿದು ಹಿಂದಕ್ಕೆ ಹೋದರೂ ಅವರ ಬಾಗಿಲಿಗೇ ತಲುಪುವ ಸಾಧ್ಯತೆ ಹೆಚ್ಚು. 'ಕೆ' 0.5ಕ್ಕೆ ಏರಿದರೆ ಈ 7.2 ಎಂಬುದು 3.6ಕ್ಕೆ ಇಳಿಯುತ್ತದೆ. ಎಲ್ಲರೂ ಸಮಾನವಾಗಿ ಹರಡುವ ರೋಗದಲ್ಲಿ ಅದು 1.2 ಆಗಿಬಿಡುತ್ತದೆ, ಆಗ ಯಾವ ದಿಕ್ಕಿನಲ್ಲಿ ಹುಡುಕಿದರೂ ಸಿಗುವ ಫಲ ಒಂದೇ.